ತವರಿಂದ ಕಳಿಸಿದ ಮೇಲಿನ ವಾರಗಳು

ಮೂಡಿಗೆರೆಯಲ್ಲಿ ಹೊಸ ಆರೋಗ್ಯ ಸಹಾಯಕಿಯರಿಗೆ, ಆಶಾ ಕಾರ್ಯಕರ್ತೆಯರಿಗೆ ತರಬೇತಿ ನಡೆದಾಗ ನನ್ನನ್ನೂ ಕರೆದಿದ್ದರು. ಊಟದ ಹೊತ್ತಿಗೆ ಒಬ್ಬ ಹುಡುಗಿ ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಬಂದು ಕೂತಳು. "ಸಿಸ್ಟರ್, ನೀವು ನಮಗೆ ಅಂತ ಏನಾದ್ರೂ ಬರ್ದು ಕೊಡಿ. ಪುಸ್ತಕದಲ್ಲಿ ಇರೋದು ಬೇಡ, ಅದು ನಮ್ಮ ಹತ್ರ ಇದೆ" ಅಂದಳು. ಆಗಲಿ ಎಂದೆ. ಬರೆಯಲು ಕೂತು ಎದ್ದು, ಕೂತು ಎದ್ದು, ಇಷ್ಟು ದಿನವಾಯಿತು.

ನಾನು ಕಳಸದ ಕಡೆ ಒಂದು ಉಪಕೇಂದ್ರದಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಸುತ್ತಮುತ್ತ ತಿರುಗಿ ನಿವೃತ್ತಳಾದವಳು. ಎಸ್ಸೆಸ್ಸೆಲ್ಸಿ ಮುಗಿಸಿ ನರ್ಸ್ ತರಬೇತಿ ಮಾಡಿದ್ದು, ಅಷ್ಟೇ ನನ್ನ ಓದು. ಜನ ಸಿಸ್ಟರಮ್ಮ ಎನ್ನುತ್ತಿದ್ದರು. ಲಸಿಕೆ ಹಾಕುವುದು, ಹೆರಿಗೆಗೆ ಜೀಪು ಹೊಂದಿಸುವುದು, ಹೆತ್ತವರ ಮನೆಗೆ ಹೋಗಿ ನೋಡಿಬರುವುದು ನನ್ನ ಕೆಲಸ. ಇಲ್ಲಿ ಬರೆಯುವುದು ಕೊನೆಯದರ ಬಗ್ಗೆ ಮಾತ್ರ. ಓದುವವರಿಗೆ ಮೊದಲೇ ಹೇಳಿಬಿಡಬೇಕು. ನನ್ನ ಒಬ್ಬಳೇ ಮಗಳು ಸಹನಾ, ಮಗು ಹುಟ್ಟಿದ ಏಳನೇ ತಿಂಗಳಲ್ಲಿ ತನ್ನ ಜೀವ ತಾನೇ ಕಳೆದುಕೊಂಡಳು. ಆಗ ನಾನಿನ್ನೂ ಕೆಲಸದಲ್ಲಿದ್ದೆ. ಆದ್ದರಿಂದ ನಾನು ಕಲಿತದ್ದನ್ನು ಬರೆದಷ್ಟೂ ಅದು ಎಲ್ಲಿ ಸಾಲದೆ ಹೋಯಿತು ಎಂಬುದನ್ನೂ ಬರೆಯಬೇಕಾಗುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮನೆಗಳಿಗೆ ಹೋಗಿ ಪ್ರಶ್ನೆ ಕೇಳುತ್ತಿದ್ದೆ, ಉತ್ತರ ಹೇಳುತ್ತಿದ್ದವರು ಅತ್ತೆಯರು. ಸಂಸೆಯ ಮೇಲಿನ ಒಂದು ಎಸ್ಟೇಟಿನಲ್ಲಿ, ಕೂಲಿಯವರ ಸಾಲುಮನೆಗಳಿಗೆ ಲೈನ್ ಎನ್ನುತ್ತಾರೆ, ಅಂಥ ಒಂದು ಲೈನ್ ಮನೆಯಲ್ಲಿ ಲಲಿತಾ ಎಂಬವಳು ಹೆತ್ತಿದ್ದಳು. "ಹಾಲು ಸಾಕಾಗತ್ತಾ?" ಎಂದರೆ ಅವಳ ಅತ್ತೆ ಒಲೆಯ ಮುಂದಿನಿಂದಲೇ, "ಸಾಕಾಗಿ ಮಿಗತ್ತೆ" ಎಂದರು. "ನಿದ್ದೆ ಬರತ್ತಾ?" ಎಂದೆ. "ಮನೇಲೇ ಕೂತವ್ರಿಗೆ ನಿದ್ದೆಗೆ ಬರವಾ ಸಿಸ್ಟರಮ್ಮ?" ಲಲಿತಾ ಮಗುವಿನ ಕಾಲ ಬೆರಳು ನೋಡುತ್ತಾ ಕೂತಿದ್ದಳು. ನಾನು ಎಲ್ಲ ಸರಿಯಿದೆ ಎಂದು ಬರೆದುಕೊಂಡು ಬಂದೆ.

ನನ್ನ ಮೇಲಿನವರು ಗಿರಿಜಮ್ಮ ಮೇಡಂ. ದಪ್ಪ ಕನ್ನಡಕ, ದೊಡ್ಡ ಗಂಟಲು. ಬೆಟ್ಟ ಹತ್ತುವಾಗ ನಮಗಿಂತ ಮುಂದೆ. ಲಲಿತಾಳ ಮನೆಯ ವಿಷಯ ಕೇಳಿ ಅವರು ನಕ್ಕರು.

"ಎಂತ ಮಾರಾಯ್ತಿ, ಅತ್ತೇನ ಪರೀಕ್ಷೆ ಮಾಡಿ ಬಂದ್ಯಾ? ಹೆತ್ತಿದ್ದು ಅವ್ರಾ?"

"ಮತ್ತೆ ಅವ್ರಿಗೆ ಹೊರಗೆ ಹೋಗಿ ಅನ್ನಲಾ ಮೇಡಂ?"

"ಹಾಗಂದ್ರೆ ನಾಳೆಯಿಂದ ನಿಂಗೆ ಬಾಗ್ಲೇ ತೆಗೆಯಲ್ಲ. ಕಾಫಿ ಕೇಳು. ಸಿಸ್ಟರಮ್ಮ ಬಾಯಿಬಿಟ್ಟು ಕೇಳಿದ್ಲು ಅಂದ್ರೆ ಒಳಗೆ ಹೋಗ್ತಾರೆ. ಬೆಲ್ಲ ಕರಗೋ ಅಷ್ಟೊತ್ತು ನಿಂದು."

ಅವತ್ತಿನಿಂದ ನಾನು ಹೋದ ಮನೆಯಲ್ಲೆಲ್ಲ ಕಾಫಿ ಕೇಳಿದೆ. ಕಾಫಿ ಸೀಮೆಯಲ್ಲೇ ಹುಟ್ಟಿದರೂ ನನಗೆ ಕಾಫಿ ಸೇರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎದೆ ಉರಿ, ಹುಳಿ ತೇಗು. ಲೈನುಗಳಲ್ಲಿ "ಕಾಫಿ ಸಿಸ್ಟರ್ ಬಂದ್ರು" ಎಂದು ತಮಾಷೆ ಮಾಡುತ್ತಿದ್ದರು. ಆದರೆ ಒಳಗೆ ಲೋಟದ ಸದ್ದಾಗುವ ಆ ಸ್ವಲ್ಪ ಹೊತ್ತಿನಲ್ಲಿ ಹೆಂಗಸರು ಏನೇನೋ ಹೇಳುತ್ತಿದ್ದರು. ಲಲಿತಾ ಹೇಳಿದ್ದು ಇಷ್ಟೇ: "ಸಿಸ್ಟರೇ, ನಂಗೆ ಒಂದ್ಸಲ ಯಾರೂ ಎಬ್ಬಿಸದೆ ಮಲಗ್ಬೇಕು." ಔಷಧ ಕೇಳಲಿಲ್ಲ, ಟಾನಿಕ್ ಕೇಳಲಿಲ್ಲ. ನನ್ನ ಚೀಲದಲ್ಲಿ ಅವಳಿಗೆ ಕೊಡುವಂಥದ್ದು ಏನೂ ಇರಲಿಲ್ಲ.

ಆ ನಿದ್ದೆಯನ್ನು ಕೊಟ್ಟವಳು ಸುಂದರಿ. ಆ ಎಸ್ಟೇಟಿನಲ್ಲಿ ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳಲು ಒಂದು ಕೂಸುಮನೆ ಇತ್ತು, ಸುಂದರಿ ಅಲ್ಲಿ ಆಯಾ. ನಾನು ಲಸಿಕೆ ಹಾಕುತ್ತಿದ್ದದ್ದೂ ಅಲ್ಲೇ, ಆ ದಿನ ಲಲಿತಾ ಮಗುವನ್ನು ತಂದಳು. ಇಂಜೆಕ್ಷನ್ ಆದ ಮೇಲೆ ಹಾಲು ಕೊಡಲು ಗೋಡೆಗೆ ಒರಗಿ ಕೂತವಳು ಹಾಗೇ ನಿದ್ದೆಹೋದಳು. ಕೈ ಸಡಿಲಾಗಿ ಮಗು ಜಾರುತ್ತಿತ್ತು. ಸುಂದರಿ ಬಂದು ಮೆತ್ತಗೆ ಎತ್ತಿಕೊಂಡಳು. ನಾನು ಲಲಿತಾಳನ್ನು ಎಬ್ಬಿಸಲು ಹೋದರೆ ಕಣ್ಣಲ್ಲೇ ಗದರಿಸಿ, ಒಂದು ಚಾಪೆ ಹಾಸಿ, ಅವಳನ್ನು ಅದರ ಮೇಲೆ ಒರಗಿಸಿದಳು.

ಮುಂದಿನ ಲಸಿಕೆ ದಿನ ಇನ್ನಿಬ್ಬರು, "ನಮಗೂ ಚಾಪೆ ಹಾಕ್ತೀಯಾ ಸುಂದರಿ?" ಎಂದರು. ಹೀಗೆ ಅದು ಅಭ್ಯಾಸವಾಯಿತು. ಊಟಕ್ಕೆ ಬಂದ ಹೆಂಗಸರು ಪಾಳಿಯ ಮೇಲೆ ಮಕ್ಕಳನ್ನು ಎತ್ತಿಕೊಂಡು ತಿರುಗುತ್ತಿದ್ದರು, ಹೆತ್ತವರು ಒಳಗೆ ಮಲಗುತ್ತಿದ್ದರು. ಇದನ್ನು ನೋಡಿದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಾಗಿಲಲ್ಲಿ ನಿಂತು, "ಸಿಸ್ಟರೇ, ಇದು ಯಾವ ಸ್ಕೀಮು, ಮಲಗೋ ಸ್ಕೀಮಾ? ನಂದೂ ಒಂದು ಹೆಸ್ರು ಸೇರಿಸ್ಕೊಳಿ" ಎಂದ.

"ಹೆತ್ತು ಬನ್ನಿ ರೈಟ್ರೇ, ನಿಮಗೂ ಚಾಪೆ ಹಾಸ್ತೀನಿ" ಎಂದಳು ಸುಂದರಿ.

ಹೆಂಗಸರ ನಗು ಕೇಳಿ ಮಕ್ಕಳೆಲ್ಲ ಎದ್ದು ಅಳತೊಡಗಿದವು. ಆಮೇಲೆ ರೈಟರ್ ಆ ಹೊತ್ತಿಗೆ ಅತ್ತ ಬರುವುದನ್ನೇ ಬಿಟ್ಟ.

ಒಂದು ದಿನ ಒಬ್ಬಳು ಸಂಜೆಯಾದರೂ ಏಳಲಿಲ್ಲ. ಹೆಂಡತಿ ಮನೆಗೆ ಬಂದಿಲ್ಲವೆಂದು ಗಾಬರಿಯಾಗಿ ಅವಳ ಗಂಡ ಹುಡುಕಿಕೊಂಡು ಬಂದ. ಅವಳು ಬಾಯಿ ತೆರೆದು ಮಲಗಿದ್ದನ್ನು ನೋಡಿ ಮೆಟ್ಟಿಲ ಮೇಲೆ ಕೂತ. ಬೆಳಗಿನಿಂದ ತೋಟದ ನೆರಳಿನ ಮರ ಹತ್ತಿ ಕೊಂಬೆ ಸವರಿ, ಮರಗಸಿ ಮಾಡಿ ಬಂದವನು. ಸ್ವಲ್ಪ ಹೊತ್ತಿಗೆ ಅವನ ತಲೆಯೂ ಗೋಡೆಗೆ ತಾಗಿತು. ಅಪ್ಪಂದಿರಿಗೂ ದಣಿವಿರುತ್ತದೆ ಎಂಬುದು ನನಗೆ ಮೊದಲು ಹೊಳೆದದ್ದು ಅವತ್ತು. ನಮ್ಮ ಯಾವ ಪ್ರಶ್ನೆಯೂ ಅವರ ಕಡೆಗೆ ತಿರುಗಿದ್ದಿಲ್ಲ.

ಈಗ ಆ ಕೂಸುಮನೆ ಇಲ್ಲ. ಎಸ್ಟೇಟು ಕೈ ಬದಲಾಯಿತು, ಲೈನಿನವರು ಒಬ್ಬೊಬ್ಬರಾಗಿ ಬೇರೆ ಕೆಲಸ ಹಿಡಿದರು, ಕಟ್ಟಡ ಹೋಂಸ್ಟೇ ಆಯಿತು. ದೂರದವರು ಬಂದು ದುಡ್ಡು ಕೊಟ್ಟು ಅಲ್ಲಿ ಮಲಗುತ್ತಾರೆ. ಸುಂದರಿ ಮಗನ ಜೊತೆ ಶೃಂಗೇರಿ ಕಡೆ ಹೋದಳು. ಕೊಯ್ಲಿಗೆ ಈಗ ಆಳುಗಳು ಅಸ್ಸಾಮಿನಿಂದ ಬರುತ್ತಾರೆ. ಅವರಲ್ಲಿಯೂ ಹಸಿ ಬಾಣಂತಿಯರಿರುತ್ತಾರೆ, ತಾಯಿ ಅತ್ತೆ ಯಾರೂ ಜೊತೆಗಿಲ್ಲದವರು. ನಿವೃತ್ತಳಾಗುವ ಮೊದಲು ಅಂಥ ಒಬ್ಬಳ ಮುಂದೆ ಮೊಬೈಲಿನಲ್ಲಿ ನನ್ನ ಪ್ರಶ್ನೆಯನ್ನು ಅವಳ ಭಾಷೆಗೆ ತಿರುಗಿಸಿ ಕೇಳಿಸಿದೆ. ಫೋನು ಏನು ಹೇಳಿತೋ, ಅವಳು ನಕ್ಕು ತಲೆಯಾಡಿಸಿದಳು. ನಾನೂ ನಕ್ಕು ಬಂದೆ. ಅವಳ ಸ್ಥಿತಿ ಹೇಗಿತ್ತು ಎಂಬುದು ನನಗೆ ಇವತ್ತಿಗೂ ತಿಳಿಯದು.

ಇನ್ನೊಂದು ಮುಖ್ಯ ವಿಷಯ ಕಲಿತದ್ದು ಕೊಟ್ಟಿಗೆಹಾರದ ಬಸ್‌ಸ್ಟಾಂಡಿನಲ್ಲಿ. ಮೀಟಿಂಗ್ ಮುಗಿಸಿ ಬರುವಾಗ ಬಸ್ಸಿಗೆ ಕಾಯುತ್ತಿದ್ದೆ. ಹೋಟೆಲಿನ ಮುಂದೆ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಮಗು ಕಿರುಚಿ ಅಳುತ್ತಿದೆ, ಅವಳು ಬೇರೆ ಯಾರದೋ ಮಗು ಅಳುತ್ತಿದೆ ಎಂಬಂತೆ ರಸ್ತೆ ನೋಡುತ್ತಿದ್ದಾಳೆ. ಹತ್ತಿರ ಹೋದಾಗ ಗುರುತಾಯಿತು. ಪ್ರೇಮಾ, ನಮ್ಮ ಕಡೆಯವಳು. ಘಟ್ಟದ ಕೆಳಗಿನ ತವರಿನಲ್ಲಿ ಹೆತ್ತು, ಬಾಣಂತನ ಮುಗಿಸಿಕೊಂಡು, ಹಿಂದಿನ ವಾರವಷ್ಟೇ ಗಂಡನ ಮನೆಗೆ ಮರಳಿದ್ದಳು.

"ಎಲ್ಲಿಗೆ ಹೊರಟೆ ಪ್ರೇಮಾ?"

"ಗೊತ್ತಿಲ್ಲ ಸಿಸ್ಟರ್. ಬಸ್ಸು ಬಂತು, ಹತ್ತಿದೆ. ಎಲ್ರೂ ಇಳಿದ್ರು, ಇಳಿದೆ."

ಮಗುವನ್ನು ನಾನು ಎತ್ತಿಕೊಂಡೆ. ಅವಳ ತೋಳು ಹಾಗೇ ಮಡಚಿಕೊಂಡೇ ಇತ್ತು. "ಇದು ನಂಗೆ ಬೇಡ ಅನ್ಸತ್ತೆ ಸಿಸ್ಟರ್. ಹೀಗನ್ನೋಳು ಇರೋದೂ ಬೇಡ ಅನ್ಸತ್ತೆ" ಎಂದಳು. ದನಿಯಲ್ಲಿ ಅಳು ಇರಲಿಲ್ಲ, ಅಂಗಡಿ ಸಾಮಾನಿನ ವಿಷಯ ಹೇಳಿದ ಹಾಗಿತ್ತು.

ಅವಳನ್ನು ಒಬ್ಬಳೇ ಬಿಡದೆ ಮನೆಗೆ ಕರೆದುಕೊಂಡು ಹೋದೆ. ಮನೆಯವರು ಗಾಳಿ ಸೋಕಿದೆ, ದಾರ ಕಟ್ಟಿಸಬೇಕು ಎಂದರು. ಜಗಳಕ್ಕೆ ಹೋದರೆ ಆಸ್ಪತ್ರೆಗೆ ಕಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. "ದಾರವೂ ಕಟ್ಟಿಸಿ, ನಾಳೆ ಚಿಕ್ಕಮಗಳೂರಿಗೂ ಬನ್ನಿ, ನಾನೇ ಜೊತೆಗೆ ಬರ್ತೀನಿ" ಎಂದೆ. ಅಲ್ಲಿಯ ಮಾನಸಿಕ ವಿಭಾಗದ ಡಾಕ್ಟರು ಗಂಡನನ್ನು ಕೂರಿಸಿ, ಇದು ಹೆರಿಗೆಯ ನಂತರ ಬರುವ ಕಾಯಿಲೆ, ಇದಕ್ಕೆ ಔಷಧ ಇದೆ, ನಿದ್ದೆ ಬೇಕು, ಒಬ್ಬಳನ್ನೇ ಬಿಡಬಾರದು ಎಂದು ಬಿಡಿಸಿ ಹೇಳಿದರು. ನಿಧಾನಕ್ಕೆ ಪ್ರೇಮಾ ಸರಿಯಾದಳು. ಆ ಮಗು ಈಗ ಕಾಲೇಜಿಗೆ ಹೋಗುತ್ತಿದೆ. ಇದನ್ನು ನಾನು ಬರೆಯಲೇಬೇಕು, ಯಾಕೆಂದರೆ ಮುಂದಿನದನ್ನು ಓದಿ ನೀವು ಯಾರನ್ನೂ ಉಳಿಸಲಾಗುವುದಿಲ್ಲ ಎಂದುಕೊಳ್ಳಬಾರದು.

ಪ್ರೇಮಾಳ ನಂತರ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನಮ್ಮ ಕಡೆ ಮೊದಲ ಬಾಣಂತನ ತವರಿನಲ್ಲಿ. ಅಲ್ಲಿ ಎಣ್ಣೆ, ಬಿಸಿನೀರು, ಮೆಣಸಿನ ಸಾರು, ಮಗುವನ್ನು ಎತ್ತಿಕೊಳ್ಳಲು ತಾಯಿ. ಐದನೇ ತಿಂಗಳಿಗೆ ತೊಟ್ಟಿಲ ಜೊತೆ ಮಗಳನ್ನು ಕಳಿಸಿಕೊಡುತ್ತಾರೆ. ಆ ದಿನಕ್ಕೆ ಈ ಆರೈಕೆಯೆಲ್ಲ ನಿಲ್ಲುತ್ತದೆ. ಗಂಡನ ಮನೆಯವರ ಲೆಕ್ಕದಲ್ಲಿ ಅವಳು ಚೆನ್ನಾಗಿ ತಿಂದು ಮಲಗಿ ಬಂದವಳು, ಇನ್ನು ಮನೆಯ ಕೆಲಸಕ್ಕೆ ಸೇರಬೇಕಾದವಳು. ನಮ್ಮ ಇಲಾಖೆಯ ಲೆಕ್ಕದಲ್ಲಿ ಆರು ವಾರಕ್ಕೇ ಬಾಣಂತಿಯ ಭೇಟಿ ಮುಗಿದಿರುತ್ತದೆ. ಆಮೇಲೆ ಹೋದರೂ ಅದು ಮಗುವಿನ ತೂಕಕ್ಕೆ, ಮಗುವಿನ ಚುಚ್ಚುಮದ್ದಿಗೆ. ತವರೂ ಇಲ್ಲದ, ಸಿಸ್ಟರೂ ಇಲ್ಲದ ಆ ವಾರಗಳಲ್ಲೇ ಹೆಣ್ಣುಮಕ್ಕಳು ಕುಸಿಯುತ್ತಾರೆ. ನಾನು ತವರಿನಿಂದ ಮರಳಿದವರ ಮನೆಗೆ ಆ ಮೊದಲ ವಾರಗಳಲ್ಲಿ ತಪ್ಪದೆ ಹೋಗತೊಡಗಿದೆ. ಆಗಿದ್ದ ಒಬ್ಬ ಅಧಿಕಾರಿ, "ಅದು ನಮ್ಮ ಲೆಕ್ಕಕ್ಕೆ ಬರಲ್ಲಮ್ಮ, ಬಸ್ ಚಾರ್ಜು ಕೇಳ್ಬೇಡಿ" ಎಂದರು. ಕೇಳಲಿಲ್ಲ. ಆಮೇಲೆ ಟ್ಯಾಬ್ ಬಂತು. ತಕ್ಕಡಿಯ ಮೇಲಿನ ಮಗುವಿನ ಫೋಟೋ ಹಾಕಿದರೆ ಭೇಟಿ ಮುಗಿದಂತೆ. ಫೋಟೋದ ಹೊರಗೆ ತಾಯಿ ನಿಂತಿರುತ್ತಾಳೆ.

ಸಹನಾಳ ವಿಷಯಕ್ಕೆ ಬರುತ್ತೇನೆ.

ಅವಳ ಅಪ್ಪ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಶಾಲೆಗೆ ರಜೆ ಇದ್ದಾಗ ಮನೆಯಲ್ಲಿ ಬಿಡಲು ಯಾರೂ ಇಲ್ಲದೆ ಅವಳನ್ನೂ ಲೈನುಗಳಿಗೆ ಕರೆದುಕೊಂಡು ಹೋಗುತ್ತಿದ್ದೆ. ನಾನು ಒಳಗೆ ಮಾತಾಡುತ್ತಿದ್ದರೆ ಅವಳು ಜಗಲಿಯ ಮೇಲೆ ಅಲ್ಲಿಯ ಮಕ್ಕಳನ್ನು ಸಾಲಾಗಿ ಕೂರಿಸಿ, "ಊಟ ಮಾಡಿದ್ರಾ? ನಿದ್ದೆ ಬಂತಾ? ಅಳು ಬರತ್ತಾ?" ಎಂದು ನನ್ನ ದನಿಯಲ್ಲೇ ಕೇಳುತ್ತಿದ್ದಳು. ಓದಿ, ಚಿಕ್ಕಮಗಳೂರಿನ ಒಂದು ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ಕಂಪನಿಯ ಆಫೀಸಿನಲ್ಲಿ ಕೆಲಸಕ್ಕಿದ್ದಳು. ವಸ್ತಾರೆಯ ಪ್ರಸನ್ನನಿಗೆ ಕೊಟ್ಟೆವು. ಸಣ್ಣ ತೋಟ, ಒಳ್ಳೆಯ ಹುಡುಗ, ಮಾತು ಕಡಿಮೆ.

ಹೆಣ್ಣು ಮಗು ಹುಟ್ಟಿತು. ಬಾಣಂತನಕ್ಕೆ ನನ್ನ ಮನೆಗೇ ಬಂದಳು. ಇದ್ದ ರಜೆಯೆಲ್ಲ ಹಾಕಿದೆ. ಐದನೇ ತಿಂಗಳು ಬರುವಾಗ ಕೊಯ್ಲು ಶುರುವಾಗಿತ್ತು. ಬೀಗಿತ್ತಿ ಸರೋಜಮ್ಮ ಫೋನು ಮಾಡಿ, "ಮನೆ ತುಂಬ ಆಳುಗಳು, ನಂಗೂ ಮಂಡಿ ನೋವು. ಮಗೂನ ನೋಡ್ದೆ ನಮ್ಗೂ ಬೇಜಾರು. ಕಳಿಸ್ಕೊಡಿ" ಎಂದರು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಕಳಿಸಿಕೊಟ್ಟೆ. ತೊಟ್ಟಿಲನ್ನು ಜೀಪಿನ ಮೇಲೆ ಕಟ್ಟುವಾಗ ಸಹನಾ ಹಗ್ಗದ ಒಂದು ತುದಿ ಹಿಡಿದುಕೊಂಡು, "ಬಿಗಿಯಾಗಿ ಕಟ್ಟಿ, ಕೊಟ್ಟಿಗೆಹಾರದ ತಿರುವಲ್ಲಿ ಬೀಳತ್ತೆ" ಎಂದು ಡ್ರೈವರಿಗೆ ಹೇಳುತ್ತಿದ್ದಳು.

ನೀಲಿ ಸೀರೆ ಉಟ್ಟು ಚೀಲ ಹಿಡಿದು ಹೊರಟರೆ ನಾನು ಯಾರ ಮನೆಯ ಬಾಗಿಲನ್ನಾದರೂ ತಟ್ಟಬಹುದಿತ್ತು. ಮಗಳ ಮನೆಗೆ ಹಾಗೆ ಹೋಗುವಂತಿಲ್ಲ. ಹೆಣ್ಣು ಕೊಟ್ಟವರು ಕರೆಯದೆ ಪದೇ ಪದೇ ಹೋದರೆ, ನೀವು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಮುಖಕ್ಕೆ ಹೇಳಿದಂತೆ. ಅದರ ಫಲ ಮಗಳಿಗೆ ತಟ್ಟುತ್ತದೆ. ಆದರೂ ಎರಡನೇ ವಾರಕ್ಕೆ ಅಂಟಿನುಂಡೆ ಮಾಡಿಕೊಂಡು, ಅದೇ ನೆಪ ಹಿಡಿದು ಹೋದೆ.

ಅಂಗಳದ ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿ ಒಣಗಲು ಹರಡಿದ್ದರು. ಸರೋಜಮ್ಮ ಸಂತೋಷದಿಂದಲೇ ಬರಮಾಡಿಕೊಂಡರು. "ಈಗಿನ ಹುಡುಗೀರು ಬೇಗ ಸುಸ್ತಾಗ್ತಾರೆ ನೋಡಿ. ನಾವೆಲ್ಲ ಹೆತ್ತ ತಿಂಗಳಿಗೇ ಕಣದಲ್ಲಿದ್ವಿ" ಎಂದರು. ಹೌದು, ಅವರು ಹಾಗೇ ಬದುಕಿದವರು. ಸಹನಾ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ತಲೆ ಬಾಚಿತ್ತು, ಹಣೆಗೆ ಬೊಟ್ಟು ಇತ್ತು, ಮಗು ಪುಷ್ಟಿಯಾಗಿತ್ತು.

"ಸರೋಜಮ್ಮ, ಒಂದು ಲೋಟ ಕಾಫಿ ಸಿಗತ್ತಾ?" ಎಂದೆ.

ಅವರು ಒಳಗೆ ಹೋದದ್ದೇ ಸಹನಾ ಸೆರಗು ಬಾಯಿಗೆ ಒತ್ತಿ ನಕ್ಕಳು. "ಅಮ್ಮಾ, ನನ್ ಮೇಲೇ ನಿನ್ ಕಾಫಿ ವಿದ್ಯೆನಾ?"

"ಸುಮ್ನಿರೇ. ಹೇಳು, ಹೇಗಿದ್ದೀಯ?"

"ಕೇಳೋದೇ ಬೇಡ, ನಾನೇ ಹೇಳ್ತೀನಿ. ಊಟ ಸೇರತ್ತೆ. ಮಗು ಮಲಗ್ದಾಗ ನಾನೂ ಮಲಗ್ತೀನಿ. ಹಾಲಿದೆ. ಸುಮ್ಸುಮ್ನೆ ಅಳು ಬರಲ್ಲ. ಮಗು ಮೇಲೆ ಕೋಪ ಬರಲ್ಲ. ಸಾಯ್ಬೇಕು ಅಂತೇನೂ ಅನ್ಸಲ್ಲ. ಆಯ್ತಾ ಸಿಸ್ಟರಮ್ಮ? ಇನ್ನೇನಾದ್ರೂ ಉಳೀತಾ?"

ನನ್ನ ಪ್ರಶ್ನೆಗಳು ಕ್ರಮ ತಪ್ಪದೆ ಬಂದಿದ್ದವು. ಒಂದೂ ಉಳಿದಿರಲಿಲ್ಲ. ಇಬ್ಬರೂ ನಕ್ಕೆವು. ಕಾಫಿ ಬಂತು, ಕುಡಿದೆ. ಹೊರಡುವಾಗ ಗೇಟಿನವರೆಗೆ ಬಂದಳು. "ಇಲ್ಲೇ ಇರ್ಲಾ ಎರಡು ದಿನ?" ಎಂದು ಕೇಳಿದೆ. "ಬೇಡಮ್ಮ, ಅವ್ರು ಏನಾದ್ರೂ ಅಂದ್ಕೋತಾರೆ" ಎಂದಳು. ಮನಸ್ಸು ತಡೆಯದೆ ಆ ಕಡೆಯ ಉಪಕೇಂದ್ರದ ಸಿಸ್ಟರಿಗೆ ಫೋನು ಮಾಡಿ, ಒಂದು ಸಲ ಹೋಗಿ ಬನ್ನಿ ಎಂದೆ. ಪಾಪ, ಅವರು ಹೋದರು. "ನಿಮ್ ಮಗಳಿಗೆ ನಮಗಿಂತ ಚೆನ್ನಾಗಿ ಎಲ್ಲ ಗೊತ್ತು ಸಿಸ್ಟರ್, ಕೇಳೋ ಮೊದ್ಲೇ ಉತ್ತರ ಹೇಳಿದ್ರು. ಮಗು ತೂಕ ಚೆನ್ನಾಗಿದೆ" ಎಂದರು. ಪ್ರಸನ್ನನಿಗೂ ಫೋನು ಮಾಡಿದೆ. "ಸ್ವಲ್ಪ ಸುಸ್ತು ಅತ್ತೆ, ಮಗು ಮಲಗಕ್ಕೆ ಬಿಡಲ್ಲ. ನಮ್ಮಿಬ್ರಿಗೂ ಹಾಗೇ" ಎಂದ.

ಆಮೇಲಿನ ತಿಂಗಳಲ್ಲಿ ಒಂದು ಬೆಳಿಗ್ಗೆ, ನಾನು ಲಸಿಕೆಯ ಡಬ್ಬಿಗೆ ಐಸ್ ತುಂಬುತ್ತಿದ್ದಾಗ, ಪ್ರಸನ್ನನ ಫೋನು ಬಂತು. ಅದರ ಬಗ್ಗೆ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ತರಬೇತಿಯಲ್ಲಿ ನಿಮಗೆ ಪ್ರಶ್ನೆಗಳನ್ನು ಕಲಿಸುತ್ತಾರೆ. ಕಲಿಯಿರಿ, ಕೇಳಿ. ಎಷ್ಟೋ ಜನ ಅವಕ್ಕೆ ನಿಜವಾದ ಉತ್ತರ ಕೊಡುತ್ತಾರೆ, ಪ್ರೇಮಾ ಕೊಟ್ಟಳು. ಆದರೆ ಸರಿಯಾದ ಉತ್ತರ ಯಾವುದು ಎಂದು ತಿಳಿದವರೂ ಇರುತ್ತಾರೆ. ಈಗ ಓದಿದ ಹುಡುಗಿಯರು ಜಾಸ್ತಿ, ಎಲ್ಲವೂ ಫೋನಿನಲ್ಲಿದೆ, ಮುಂದೆ ಅಂಥವರೇ ಹೆಚ್ಚಾಗುತ್ತಾರೆ. ಅವರಿಗೆ ಏನು ಮಾಡಬೇಕು ಎಂಬುದು ನನಗೆ ಗೊತ್ತಿಲ್ಲ. ಮಗುವನ್ನು ಎತ್ತಿಕೊಂಡು, ನೀನು ಮಲಗು, ನಾನಿಲ್ಲೇ ಕೂತಿರುತ್ತೇನೆ ಎಂದು ಸುಮ್ಮನೆ ಕೂರಬೇಕು ಎನ್ನಿಸುತ್ತದೆ. ಮಲಗಲು ಬಿಟ್ಟರೂ ನಿದ್ದೆ ಬಾರದಿದ್ದರೆ ಅದು ಬರಿಯ ದಣಿವಲ್ಲ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಹಾಗೆ ಕೂರಲು ನಿಮಗೆ ಹೊತ್ತು ಕೊಡುವುದಿಲ್ಲ, ಅದೂ ಗೊತ್ತು. ಒಬ್ಬೊಬ್ಬರಿಗೆ ಎಷ್ಟು ಊರು, ಎಷ್ಟು ಲೈನು. ಇಷ್ಟು ವರ್ಷ ಮಾಡಿದ ಕೆಲಸದಲ್ಲಿ ನಂಬಿಕೆ ಉಳಿದಿದೆಯೇ ಎಂದು ಯಾರಾದರೂ ಕೇಳಿದರೆ ಮಾತು ಬದಲಾಯಿಸುತ್ತೇನೆ.

ಈಗ ನಾನು ವಸ್ತಾರೆಗೆ ಕರೆಯದೆಯೇ ಹೋಗುತ್ತೇನೆ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಸರೋಜಮ್ಮ ನನ್ನ ಕಣ್ಣು ತಪ್ಪಿಸಿ ಅಡಿಗೆಮನೆಯಲ್ಲೇ ಇರುತ್ತಾರೆ. ಒಂದು ಸಲ ಮಾತ್ರ ಹೊರಗೆ ಬಂದು, "ನನ್ನ ಮಗಳೇ ಆಗಿದ್ರೂ ನಂಗೆ ಗೊತ್ತಾಗ್ತಿರ್ಲಿಲ್ಲ" ಎಂದು ಅತ್ತು ಒಳಗೆ ಹೋದರು.

ಹೋದ ವರ್ಷ, ಮಗು ಇನ್ನೂ ತೊಟ್ಟಿಲಲ್ಲೇ ಮಲಗುತ್ತಿದ್ದಾಗ, ಒಂದು ಮಧ್ಯಾಹ್ನ ನಾನು ಮತ್ತು ಪ್ರಸನ್ನ ಜಗಲಿಯಲ್ಲಿ ಕೂತಿದ್ದೆವು. ಮಗುವಿಗೆ ಹಲ್ಲು ಬರುತ್ತಿತ್ತು, ಅವನಿಗೆ ಎಷ್ಟೋ ದಿನದಿಂದ ನಿದ್ದೆಯಿರಲಿಲ್ಲ. ಗಡ್ಡ ಬೆಳೆದು, ಅಂಗಿಯ ಹೆಗಲ ಮೇಲೆ ಮಗು ಕಕ್ಕಿದ ಹಾಲಿನ ಕಲೆ ಒಣಗಿತ್ತು. ಕಣ ನೋಡುತ್ತಾ ಕೇಳಿದ:

"ಅತ್ತೆ, ನೀವು ಎಷ್ಟು ಜನ ಬಾಣಂತೀರನ್ನ ನೋಡಿದೀರಿ. ಇವಳದ್ದು ನಿಮಗೂ ಗೊತ್ತಾಗ್ಲಿಲ್ವಾ?"

ಆಕ್ಷೇಪಣೆಯ ದನಿಯಲ್ಲ. ನನಗೆ ಗೊತ್ತಾಗಿರಲಿಲ್ಲ ಎಂದಾದರೆ ತನಗೆ ಗೊತ್ತಾಗದೆ ಇದ್ದದ್ದನ್ನು ಹೇಗೋ ಸಹಿಸಬಹುದು ಎಂದು ಅವನು ಕೇಳುತ್ತಿದ್ದ.

"ಇಲ್ಲಪ್ಪ, ಗೊತ್ತಾಗ್ಲಿಲ್ಲ" ಎಂದೆ.

ಅವನು ತಲೆಯಾಡಿಸಿದ. ಒಳಗೆ ತೊಟ್ಟಿಲಿನಿಂದ ಮಗು ಅಳುವುದು ಕೇಳಿತು. ಇಬ್ಬರೂ ಒಟ್ಟಿಗೇ ಎದ್ದೆವು.